ಜಾಲಿ ಮರದ ಬ್ಲೂಬೆರಿ

೧೯೮೬ ಜುಲೈ ೧೧, ಶುಕ್ರವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ.

ಇಡೀ ಸೌದಿ ಅರೇಬಿಯಾದಲ್ಲಿ ಜಾಲಿ ಮರದಲ್ಲಿ ಬ್ಲೂಬೆರಿ ಬೆಳೆಸಿದ ಮನುಷ್ಯ ಒಬ್ಬರೇ ಒಬ್ಬರು. ಅವರು ನನ್ನ ಸೋದರಮಾವ. ನಂಬುವುದಿಲ್ಲವೇ? ಬೇಡ ಬಿಡಿ. ಆ ಮರದಿಂದ ಹಣ್ಣು ಕೊಯ್ದವರ ಸಾಲಿನಲ್ಲಿ ಮೂರನೆಯವನಾಗಿ ಡಬ್ಬಿ ಹಿಡಿದು ನಿಲ್ಲದೇ ಇದ್ದಿದ್ದರೆ ನಾನೂ ನಂಬುತ್ತಿರಲಿಲ್ಲ.

ಮಾವ ರಿಯಾದಿನ ಹೊರಗೆ, ಅಲ್ ಖರ್ಜ್‌ಗೆ ಹೋಗುವ ರಸ್ತೆಯ ಪಕ್ಕದ ಒಂದು ಕೋಲ್ಡ್ ಸ್ಟೋರೇಜಿನ ಉಸ್ತುವಾರಿ. ಹೊಟೇಲುಗಳಿಗೆ, ಬಿಳಿಯರು ವಾಸಿಸುವ ಕಾಂಪೌಂಡುಗಳಿಗೆ ಹಣ್ಣು, ಬೆಣ್ಣೆ, ಚೀಸು ಹೋಗುವುದು ಇಲ್ಲಿಂದಲೇ. ನಾನು ಅದೇ ಕಂಪನಿಯ ಟೈಮ್‌ಕೀಪರ್. ಮೂರು ವರ್ಷದ ಹಿಂದೆ ವೀಸಾ ಕಳಿಸಿ ನನ್ನನ್ನು ಕರೆಸಿಕೊಂಡವರು ಅವರೇ. ನಮ್ಮದು ಅಳಿಯಕಟ್ಟಿನ ಮನೆತನ. ಹಳೆಯ ಕಾಲದ ಪದ್ಧತಿಯಲ್ಲಾದರೆ ಮಾವನಿಗಿದ್ದದ್ದೆಲ್ಲ ಅಳಿಯನಿಗೆ. ಈವರೆಗೆ ನನ್ನ ಕೈಗೆ ಬಂದಿರುವುದು ಒಂದು ಥರ್ಮಾಮೀಟರು, ಅದೂ ಕಂಪನಿಯದ್ದು!

ಆ ಥರ್ಮಾಮೀಟರಿನಿಂದ ಮೂರು ಕೋಣೆಗಳ ಉಷ್ಣತೆಯನ್ನು ದಿನಕ್ಕೆರಡು ಬಾರಿ ನೋಡಿ ನನ್ನ ದಿನಚರಿಯಲ್ಲಿ ಬರೆಯಬೇಕೆಂಬುದು ಮಾವನ ಆಜ್ಞೆ. ಕಂಪನಿಯ ರಿಜಿಸ್ಟರಿನಲ್ಲಿ ಅದನ್ನು ಅವರೇ ಬರೆಯುತ್ತಾರಲ್ಲ, ಮತ್ತೆ ನನಗೇಕೆ ಈ ಶಿಕ್ಷೆ ಎಂದು ಮೊದಲ ವಾರವೇ ಕೇಳಿದ್ದೆ. "ಕಂಪನಿಯ ಪುಸ್ತಕ ಕಂಪನಿಗೆ. ನಿನ್ನ ಪುಸ್ತಕ ನಿನಗೆ. ಬರಿ ಮಾರಾಯ, ಕೈ ಸವೆಯುದಿಲ್ಲ," ಎಂದರು. ಬರೆದೆ. ಊರಿನಲ್ಲಿದ್ದಾಗ ಒಂದು ತಾರೀಖನ್ನೂ ಬರೆದಿಡದ ನಾನು ಇಲ್ಲಿಗೆ ಬಂದ ಮೇಲೆ ಬರೆಯದೆ ಬಿಟ್ಟ ದಿನವಿಲ್ಲ.

ಕೋಣೆಗಳ ಉಷ್ಣತೆಯನ್ನು ಮಾವ ಡಿಗ್ರಿಯಲ್ಲಿ ಹೇಳುವುದಿಲ್ಲ, ಊರಿನ ಲೆಕ್ಕದಲ್ಲಿ ಹೇಳುತ್ತಾರೆ. ಬಾಳೆಹಣ್ಣಿನ ಕೋಣೆಗೆ ಹದಿನಾಲ್ಕು ಡಿಗ್ರಿ. ಅದು 'ಕೆರೆಯ ತಳದ ನೀರು'. ಎರಡು ಡಿಗ್ರಿಯ ಹಣ್ಣಿನ ಕೋಣೆಗೆ ನಮ್ಮ ಕರಾವಳಿಯಲ್ಲಿ ಹೋಲಿಕೆ ಸಿಗಬೇಕಲ್ಲ? ಸಿಗಲಿಲ್ಲ. ಅದಕ್ಕೆ 'ಮ್ಯಾನೇಜರರ ಊರು' ಎಂದು ಹೆಸರಿಟ್ಟರು. ಮ್ಯಾನೇಜರು ಐರ್ಲೆಂಡಿನವರು. ಆ ಊರಿಗೆ ಹೋಗಿ ಬರಲು ಮಾವ ಕುತ್ತಿಗೆಗೆ ಸುತ್ತುವ ಹಸಿರು ಮಫ್ಲರು ಹೊರಗೆ ನಲವತ್ತಾರು ಡಿಗ್ರಿ ಬಿಸಿಲಿದ್ದರೂ ಕುತ್ತಿಗೆಯಲ್ಲೇ ಇರುತ್ತದೆ. ಬಿಚ್ಚಿದರೆ ಎಲ್ಲೋ ಮರೆತುಹೋಗುತ್ತದಂತೆ. ರಿಯಾದಿನ ಬತ್ಹಾ ಪೇಟೆಯಲ್ಲಿ ಒಬ್ಬ ಅಂಗಡಿಯವ ಜ್ವರವೇ ಎಂದು ಕನಿಕರದಿಂದ ಕೇಳಿದಾಗ ಮಾವ ಗಂಭೀರವಾಗಿ, ಜ್ವರವಲ್ಲ, ಡ್ಯೂಟಿ ಎಂದು ಉತ್ತರಿಸಿದರು.

ಇಷ್ಟಕ್ಕೇ ಅವರನ್ನು ವಿಚಿತ್ರ ಮನುಷ್ಯ ಎಂದರೆ ಅನ್ಯಾಯವಾದೀತು. ಮುಂದೆ ಕೇಳಿ.

ಕಳೆದ ವರ್ಷ ಜೂನ್ ನಾಲ್ಕರಂದು ವಿಮಾನದಲ್ಲಿ ಬಂದ ಸರಕಿನಲ್ಲಿ ನಾವು ಯಾರೂ ಅದುವರೆಗೆ ನೋಡದ ಸಣ್ಣ ಸಣ್ಣ ಪೆಟ್ಟಿಗೆಗಳಿದ್ದವು. ಒಳಗೆ ಗೋಲಿಗಿಂತ ಚಿಕ್ಕದಾದ, ಬೂದಿ ಮೆತ್ತಿದಂಥ ನೀಲಿ ಹಣ್ಣು. ಪ್ರತಿಯೊಂದರ ತಲೆಯ ಮೇಲೂ ಪುಟ್ಟ ಕಿರೀಟ. ಕಾಂಪೌಂಡಿನ ಮೆಸ್ಸಿಗೆಂದು ಬಂದ ಬ್ಲೂಬೆರಿ. ಮಾವ ಒಂದನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು. ಮೂಗಿಗೆ ಹಿಡಿದರು. ಆಮೇಲೆ ತೀರ್ಪು ಕೊಟ್ಟರು.

"ಇದು ನಮ್ಮ ಕುಂಟಲ ಹಣ್ಣು, ಅಳಿಯ."

ಕುಂಟಲವೆಂದರೆ ಕುಂಟುನೇರಳೆ. ನಮ್ಮ ಕಡೆ ಗುಡ್ಡದ ಪೊದೆಗಳಲ್ಲಿ ಬೇಸಿಗೆಯ ಕೊನೆಗೆ ಆಗುವ ಕಪ್ಪು ಹಣ್ಣು. ಯಾರೂ ನೆಡುವುದಿಲ್ಲ, ಯಾರೂ ಮಾರುವುದಿಲ್ಲ. ಮಕ್ಕಳು ಕೊಯ್ದು ತಿನ್ನುತ್ತಾರೆ. ತಿಂದ ನಾಲಿಗೆ ಎರಡು ದಿನ ನೇರಳೆ ಬಣ್ಣದಲ್ಲಿರುತ್ತದೆ. ಮ್ಯಾನೇಜರು ಒಪ್ಪಿಗೆ ಕೊಟ್ಟ ಮೇಲೆ, ಮೆತ್ತಗಾಗಿ ಎಸೆಯಬೇಕಾಗಿದ್ದ ಒಂದು ಪೆಟ್ಟಿಗೆಯಿಂದ ಮಾವ ನಾಲ್ಕು ಹಣ್ಣು ಬಾಯಿಗೆ ಹಾಕಿಕೊಂಡು ಅಗಿದರು. ಬೀಜ ಉಗುಳಲು ತುಟಿ ಮುಂದೆ ಮಾಡಿದರು. ಉಗುಳಲು ಏನೂ ಸಿಗಲಿಲ್ಲ! ಕುಂಟಲವಾದರೆ ಬೀಜ ಎಲ್ಲಿ ಎಂದೆ.

"ಫಾರಿನ್ನಿಗೆ ಹೋಗಿದೆಯಲ್ವಾ. ಮೈ ಬೆಳೆದಿದೆ, ಬಣ್ಣ ಬಂದಿದೆ, ಒಳಗೆ ಬೀಜ ಇಲ್ಲ. ನಮ್ಮ ಹಾಗೆ."

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಮಾವ ಸೌದಿಗೆ ಬಂದು ಹತ್ತು ವರ್ಷ. ಊರಿಗೆ ಹೋದದ್ದು ಐದು ಸಲ. ಐದೂ ಸಲ ಡಿಸೆಂಬರಿನಲ್ಲಿ. ಬಿಸಿಲು ಏರಿದಂತೆ ಕೋಲ್ಡ್ ಸ್ಟೋರೇಜಿನ ಕೆಲಸವೂ ಏರುತ್ತದೆ; ಬೇಸಿಗೆಯಲ್ಲಿ ಅದರ ಉಸ್ತುವಾರಿಗೆ ರಜೆ ಕೊಡುವುದೆಂದರೆ ಮದುವೆಯ ದಿನ ಅಡುಗೆಯವನನ್ನು ಸಿನಿಮಾಕ್ಕೆ ಕಳಿಸಿದ ಹಾಗೆ. ಅವರ ಒಬ್ಬಳೇ ಮಗಳಿಗೆ ಈಗ ಒಂಬತ್ತು ವರ್ಷ. ಆ ಹುಡುಗಿಯನ್ನು ಮಾವ ಒಮ್ಮೆಯೂ ಮೇ ತಿಂಗಳಿನಲ್ಲಿ ನೋಡಿಲ್ಲ.

"ನನ್ನದು ಡಿಸೆಂಬರಿನ ಮಗಳು," ಎಂದು ಒಮ್ಮೆ ಹೇಳಿದ್ದರು. "ಶಾಲೆ ಉಂಟು, ಪರೀಕ್ಷೆ ಉಂಟು, ಶೀತ ಉಂಟು. ಮೇ ತಿಂಗಳಿನವಳು ಹೇಗಿರ್ತಾಳೆ ನನಗೆ ಗೊತ್ತಿಲ್ಲ."

ಮೇ ತಿಂಗಳಿನವಳ ಸುದ್ದಿ ಕಾಗದದಲ್ಲಿ ಮಾತ್ರ ಬರುತ್ತಿತ್ತು. ಕಳೆದ ವರ್ಷ ಬ್ಲೂಬೆರಿ ಬಂದ ವಾರವೇ ಒಂದು ಕಾಗದ ಬಂತು. ಗುಡ್ಡೆಗೆ ಹೋಗಿ ಕುಂಟಲ ಹಣ್ಣು ತಿಂದೆ, ನನ್ನ ನಾಲಿಗೆ ಎಲ್ಲರದ್ದಕ್ಕಿಂತ ಕಪ್ಪಾಯಿತು, ನಿಮ್ಮ ನಾಲಿಗೆ ಈಗ ಯಾವ ಬಣ್ಣ ಉಂಟು ಅಪ್ಪ, ಎಂದು. ಮಾವ ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿ ನೋಡಿಕೊಂಡರು. ಕೆಂಪಗಿತ್ತು. ಆ ದಿನದಿಂದ ಬ್ಲೂಬೆರಿ ಅವರ ತಲೆಗೆ ಹತ್ತಿತು.

ಎಸೆಯುವ ಪೆಟ್ಟಿಗೆಯ ಹಣ್ಣುಗಳಲ್ಲಿ ಗಟ್ಟಿಯಾದವನ್ನು ಆರಿಸಿ ನಾವು ಕೆಲಸಗಾರರು ವಾಸಿಸುವ ಕ್ಯಾಂಪಿಗೆ ತರತೊಡಗಿದರು. ತಟ್ಟೆಯಲ್ಲಿಟ್ಟುಕೊಂಡು ತಿನ್ನಬಹುದಿತ್ತಲ್ಲ? ಊಹುಂ. ಕೊಯ್ಯದೆ ತಿಂದದ್ದು ಹಣ್ಣಲ್ಲ, ಔಷಧಿ ಎಂಬುದು ಅವರ ಸಿದ್ಧಾಂತ. ಜೂನ್ ಇಪ್ಪತ್ತೊಂದರ ಶುಕ್ರವಾರ ಬೆಳಿಗ್ಗೆ ಐದಕ್ಕೆ ನನ್ನನ್ನು ಎಬ್ಬಿಸಿ ಕ್ಯಾಂಪಿನ ಹಿಂದಿನ ಜಾಲಿ ಮರದ ಬುಡಕ್ಕೆ ಕರೆದೊಯ್ದರು. ನೋಡುತ್ತೇನೆ, ಒಂದೊಂದು ಮುಳ್ಳಿಗೆ ಒಂದೊಂದು ಬ್ಲೂಬೆರಿ! ಇನ್ನೂರ ಹನ್ನೆರಡು ಹಣ್ಣು, ಎಣಿಸಿದ್ದೇನೆ. ನಾಲ್ಕು ಗಂಟೆಗೇ ಎದ್ದು, ಮಫ್ಲರು ಸುತ್ತಿ, ಸ್ಟೂಲು ಹತ್ತಿ ಚುಚ್ಚಿದ್ದರು.

ಕೊಯ್ಯಲು ಐದು ಜನ. ಅವರಲ್ಲಿ ಮುಖ್ಯರು ಕಂಪನಿಯ ಫ್ರಿಜ್ ಲಾರಿ ಓಡಿಸುವ ಅದ್ರಾಮ ಬ್ಯಾರಿ; ಉಳ್ಳಾಲದ ಕಡೆಯವರು, ಮಾವನ ಓರಗೆಯವರು, ನಮ್ಮ ಪಕ್ಕದ ಕೋಣೆಯವರು.

"ನಿಮಗೆ ಮಂಡೆ ಸಮ ಉಂಟಾ ಮಾರಾಯ್ರೆ? ಡಬ್ಬಿಯ ಹಣ್ಣನ್ನು ಮರಕ್ಕೆ ಹಾಕುದು, ಮರದ ಹಣ್ಣನ್ನು ಡಬ್ಬಿಗೆ ಹಾಕುದು!"

"ಬ್ಯಾರಿಗಳೇ, ನೀವು ಲಾರಿಯನ್ನು ಬುರೈದಾಕ್ಕೆ ಕೊಂಡೋಗಿ ತಿರುಗಿ ಇಲ್ಲಿಗೇ ತರುದಿಲ್ವಾ? ನಾನು ಕೇಳಿದ್ದೇನಾ?"

ಕೊಯ್ಲು ಶುರುವಾಯಿತು. ಅರ್ಧ ಬಾಯಿಗೆ, ಅರ್ಧ ಡಬ್ಬಿಗೆ ಎಂದು ನಿಯಮ. ಸ್ವಲ್ಪ ಹೊತ್ತಿನಲ್ಲಿ ನಮಗೂ ಹುರುಪು ಬಂತು. ಎತ್ತರದ ಕೊಂಬೆಗೆ ಕೈ ಚಾಚುವುದು, ಮುಳ್ಳು ತಾಗಿ ಹಾ ಎನ್ನುವುದು, ಪಕ್ಕದವನ ಡಬ್ಬಿಗೆ ಇಣುಕುವುದು. ಅಷ್ಟರಲ್ಲಿ ಮಾವ, ಹಾವು ಹಾವು ಎಂದು ಕೂಗಿದರು. ಅದ್ರಾಮ ಬ್ಯಾರಿ ಚಪ್ಪಲಿ ಬಿಟ್ಟು ಗೇಟಿನವರೆಗೆ ಓಡಿದರು. ನಾವು ಮೂವರು ಲಾರಿಯ ಹಿಂದೆ. ತಿರುಗಿ ನೋಡಿದರೆ ಮಾವ ಒಬ್ಬರೇ ನಿಂತು ಎರಡೂ ಕೈಯಲ್ಲಿ ಕೊಯ್ಯುತ್ತಿದ್ದರು! ಕುಂಟಲದ ಪೊದೆಯ ಕೆಳಗೆ ನಮ್ಮೂರಿನ ಪ್ರತಿಯೊಂದು ಮಗುವೂ ಮಾಡುವ ಮೋಸ. ಅದನ್ನು ನಲವತ್ತೆರಡನೇ ವಯಸ್ಸಿನಲ್ಲಿ ಮಾಡಿ ಅವರು ಐವತ್ತೊಂದು ಹಣ್ಣು ಗಳಿಸಿದರು. ನನಗೆ ಇಪ್ಪತ್ತಾರು.

ಆದರೆ ಮೋಸಕ್ಕೆ ಫಲವುಂಟಲ್ಲ? ಗೇಟಿನ ಕಾವಲುಗಾರ ಯೆಮೆನ್ ದೇಶದ ಒಬ್ಬ ಮುದುಕ. ಗಲಾಟೆ ಕೇಳಿ ಬಂದವನು ಜಾಲಿಯ ಮುಳ್ಳಿನಲ್ಲಿ ನೀಲಿ ಹಣ್ಣು ನೋಡಿದ. ಮಾಶಾ ಅಲ್ಲಾ ಎಂದು ಒಂದು ಕಿತ್ತು ತಿಂದ. ಬಾಯಿ ಒರೆಸಿಕೊಂಡು ಹೋದ. ಮುಂದಿನ ಶುಕ್ರವಾರ ಐದೂವರೆಗೆ ನೋಡಿದರೆ ಬೋಗುಣಿ ಹಿಡಿದು ಮರದ ಕೆಳಗೆ ನಿಂತಿದ್ದಾನೆ! ಹಣ್ಣೆಲ್ಲ ನಾವೇ ಕೊಯ್ದು ಮುಗಿಸಿದೆವೆಂದು ಅವನ ಮುಖ ಊದಿತ್ತು. ನಿಜ ಹೇಳುವ ಧೈರ್ಯ ಮಾವನಿಗಾಗಲಿಲ್ಲ. ಆ ಸೀಸನ್ನು ಮುಗಿಯುವವರೆಗೆ ಏಳು ಶುಕ್ರವಾರ ನಾಲ್ಕು ಗಂಟೆಗೆದ್ದು ಆ ಮುದುಕನಿಗೆಂದು ಮರಕ್ಕೆ ಹಣ್ಣು ಚುಚ್ಚಿದರು. ಬೆರಳು ತುಂಬ ಮುಳ್ಳಿನ ಗಾಯ. "ಕೃಷಿ ಸುಲಭ ಅಲ್ಲ ಅಳಿಯ," ಎಂದರು.

ಇನ್ನು ಸಿಹಿತಿಂಡಿಯ ಕಥೆ. ಕಾಂಪೌಂಡಿನ ಅಡುಗೆಯವರು ಬ್ಲೂಬೆರಿಯನ್ನು ಹಿಟ್ಟಿನ ಬಟ್ಟಲಲ್ಲಿ ತುಂಬಿ ಬೇಯಿಸಿ, ಮೇಲೆ ಕೆನೆ ಸುರಿದು ಕೊಡುತ್ತಾರಂತೆ. ಮಾವ ಅದನ್ನು ಕೇಳಿಯೇ ತಿರಸ್ಕರಿಸಿ ಮಣ್ಣಿ ಮಾಡಲು ಹೊರಟರು. ಅಕ್ಕಿ ನೆನೆಸಿ ಅರೆದು, ಬತ್ಹಾದಿಂದ ತಂದ ಬೆಲ್ಲ ಹಾಕಿ, ತೆಂಗಿನ ಹಾಲು ಕೂಡಿಸಿ ಮಗುಚಿದರು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು. ಹಣ್ಣಿನ ಸಿಪ್ಪೆ ಬೇಗ ಬೇಯಲಿ ಎಂದು ಒಂದು ಚಮಚ ಅಡುಗೆ ಸೋಡಾ ಹಾಕಿದರು ನೋಡಿ! ನೇರಳೆ ಇದ್ದದ್ದು ನೀಲಿಯಾಯಿತು, ನೀಲಿ ಇದ್ದದ್ದು ಹಸಿರಾಯಿತು, ಕೊನೆಗೆ ಎಲ್ಲ ಸೇರಿ ಹೊಸ ಗೋಡೆಗೆ ಬಳಿಯುವ ಸಿಮೆಂಟಿನ ಬಣ್ಣಕ್ಕೆ ನಿಂತಿತು. ಅದ್ರಾಮ ಬ್ಯಾರಿ ಬಾಣಲೆಗೆ ಇಣುಕಿ, ಒಣಗಿದ ಮೇಲೆ ನೀರು ಹೊಡೆಯಬೇಕಾ ಎಂದು ಕೇಳಿದರು. ಆ ದಿನದ ದಿನಚರಿಯಲ್ಲಿ ಹೀಗಿದೆ: ಮಣ್ಣಿ ಇಪ್ಪತ್ತೊಂದು ತುಂಡು. ತಿಂದದ್ದು ಮಾವ ಆರು, ನಾನು ಒಂದೂವರೆ. ಬ್ಯಾರಿಗಳು ಶೂನ್ಯ, ಹೊಟ್ಟೆ ಸರಿಯಿಲ್ಲವೆಂದರು. ಅರ್ಧ ಗಂಟೆಯ ನಂತರ ನಾಲ್ಕು ಕುಬ್ಬೂಸ್ ರೊಟ್ಟಿ ತಿಂದರು.

ಮರುವಾರ ಒಲೆಯನ್ನೇ ಹಚ್ಚದೆ ರಸಾಯನ ಮಾಡಿದರು. ತೆಂಗಿನ ಹಾಲು, ಬೆಲ್ಲ, ಏಲಕ್ಕಿ. ಅದರೊಳಗೆ ಹಸಿ ಹಣ್ಣು. ಅಬ್ಬಾ, ಅದು ಮಾತ್ರ ಅಮೃತ! ಬ್ಯಾರಿಗಳು ಎರಡನೆಯ ಲೋಟ ಕೇಳಿದರು. ಎಲ್ಲರೂ ಹೊಗಳಿದ ಮೇಲೆ ಮಾವ ಖಾಲಿ ಲೋಟವನ್ನೇ ನೋಡುತ್ತ, "ರುಚಿ ಉಂಟು. ಉಗುಳಲಿಕ್ಕೆ ಬೀಜ ಇಲ್ಲ," ಎಂದರು.

ಈ ವರ್ಷ ಮಗಳೇ ಒಂದು ಉಪಾಯ ಮಾಡಿದಳು. ರಜೆಯಲ್ಲಿ ಊರಿಗೆ ಹೋಗಿದ್ದ ಅದ್ರಾಮ ಬ್ಯಾರಿ ಮೇ ಮೂರಕ್ಕೆ ಹಿಂತಿರುಗುವವರಿದ್ದರು. ಹೊರಡುವ ಮೊದಲು ಮಾವನ ಮನೆಗೆ ಹೋದಾಗ ಅವಳು ಒಂದು ಗಾಜಿನ ಭರಣಿ ತುಂಬ ಕುಂಟಲ ಹಣ್ಣು ತುಂಬಿಸಿ, ಮುಚ್ಚಳ ಬಿಗಿದು, ಬಟ್ಟೆ ಸುತ್ತಿ ಕೊಟ್ಟಳು. ಕೋಲ್ಡ್ ಸ್ಟೋರೇಜಿನ ಉಸ್ತುವಾರಿಯ ಮಗಳು! ಆದರೆ ತಂಪಿನ ವಿದ್ಯೆ ಅವಳಿಗೆ ಗೊತ್ತಿರಬೇಕಲ್ಲ? ಬಸ್ಸಿನಲ್ಲಿ ಬೊಂಬಾಯಿ, ಅಲ್ಲಿ ಮೂರು ದಿನ, ಆಮೇಲೆ ವಿಮಾನ. ರಿಯಾದಿನ ಕಸ್ಟಮ್ಸಿನ ಅಧಿಕಾರಿ ಮುಚ್ಚಳ ತಿರುಗಿಸಿದಾಗ ಭರಣಿ ಬುಸ್ಸೆಂದು ಉಕ್ಕಿತು. ವಾಸನೆ ಏನೆಂದು ಕೇಳಬೇಡಿ. ಹುಳಿ ಬಂದ ಹಣ್ಣಿನ ರಸಕ್ಕೆ ಈ ದೇಶದಲ್ಲಿ ಇರುವುದು ಒಂದೇ ಹೆಸರು. ಐದು ಹೊತ್ತು ನಮಾಜು ಬಿಡದ, ರಂಜಾನಿಗೆ ಒಂದು ವಾರವಿರುವಾಗ ಬಂದ, ಜೀವಮಾನದಲ್ಲಿ ಹೆಂಡದಂಗಡಿಯ ನೆರಳು ತುಳಿಯದ ಅದ್ರಾಮ ಬ್ಯಾರಿ ಎರಡು ಗಂಟೆ ಬೆಂಚಿನ ಮೇಲೆ ಕುಳಿತರು! ಕೊನೆಗೆ ಒಬ್ಬ ಹಿರಿಯ ಅಧಿಕಾರಿ ಬಂದು, ತಳದಲ್ಲಿದ್ದ ಹಣ್ಣನ್ನು ಕಡ್ಡಿಯಿಂದ ಕೆದಕಿ ನೋಡಿ, ನಕ್ಕು, ಎಲ್ಲವನ್ನೂ ಚೆಲ್ಲಿಸಿ ಯಲ್ಲಾ ಎಂದು ಕಳಿಸಿದ.

ಬ್ಯಾರಿಗಳು ಹನ್ನೊಂದು ದಿನ ಮಾವನೊಡನೆ ಮಾತಾಡಲಿಲ್ಲ. ಆದರೆ ಬಂದ ದಿನವೇ, ಮುಖ ತಿರುಗಿಸಿಕೊಂಡೇ, ಭರಣಿಗೆ ಸುತ್ತಿದ್ದ ಬಟ್ಟೆಯನ್ನು ಮಾವನ ಮಂಚದ ಮೇಲಿಟ್ಟು ಹೋಗಿದ್ದರು. ಮಗಳ ಹಳೆಯ ಲಂಗದ ತುಂಡು. ಅದರ ತುಂಬ ನೇರಳೆ ಕಲೆ. ಮಾವ ಅದನ್ನು ಒಗೆಯಲಿಲ್ಲ.

ಹಿಂದೆಯೇ ಕಾಗದವೂ ಬಂತು. ಹಣ್ಣು ಪೂರ್ತಿ ಕಪ್ಪಾಗಿರಲಿಲ್ಲ, ಬ್ಯಾರಿಗಳು ಹೊರಟರು ಅಂತ ಕೆಂಪಿನದ್ದನ್ನೇ ಕೊಯ್ದೆ, ಆದರೂ ನಾಲಿಗೆಗೆ ಬಣ್ಣ ಬಂದಿರಬೇಕು, ಫೋಟೋ ಕಳಿಸಿ ಅಪ್ಪ. ಕೊನೆಯ ಸಾಲಿನಲ್ಲಿ ಇನ್ನೊಂದು ಮಾತು. ಬರುವ ಬೇಸಿಗೆ ಮಾತ್ರ ಗುಡ್ಡೆಗೆ ಹೋಗು, ಆಮೇಲೆ ದೊಡ್ಡವಳಾದೆ, ಸಾಕು ಎಂದು ಅಮ್ಮ ಹೇಳಿದ್ದಾಳೆ.

ಆ ಸಾಲನ್ನು ಮಾವ ಎಷ್ಟು ಸಲ ಓದಿದರೆಂದು ನಾನು ಎಣಿಸಲಿಲ್ಲ. ಮರುದಿನವೇ ಮುಂದಿನ ಮೇ ತಿಂಗಳಿಗೆ ರಜೆ ಬೇಕೆಂದು ಅರ್ಜಿ ಕೊಟ್ಟರು. ಬೇಸಿಗೆಯಲ್ಲಿ ಕೋಣೆಗಳನ್ನು ನೋಡಿಕೊಳ್ಳಲು ತಿಳಿದವರು ಬೇರೆ ಯಾರೂ ಇಲ್ಲವೆಂದು ಅರ್ಜಿ ಅದೇ ಸಂಜೆ ವಾಪಸು ಬಂತು.

ಉಳಿದದ್ದು ಫೋಟೋ. ಹಣ್ಣು ಚೆಲ್ಲಿಹೋದ ಸುದ್ದಿಯನ್ನು ಮಗುವಿಗೆ ಬರೆಯುವುದುಂಟೇ? ಜೂನ್ ಹದಿಮೂರರ ಶುಕ್ರವಾರ ಸಂಜೆ ಬತ್ಹಾದ ಒಂದು ಸ್ಟುಡಿಯೋಕ್ಕೆ ಹೋದೆವು. ಹಸಿ ಬ್ಲೂಬೆರಿ ನಾಲಿಗೆಗೆ ಬಣ್ಣ ಹಿಡಿಸುವುದಿಲ್ಲ. ಅರವತ್ತೆರಡು ಹಣ್ಣು ಅಗಿದು ನೋಡಿದ ಮೇಲೆ ನಮಗೆ ಗೊತ್ತಾದ ಸತ್ಯವಿದು. ಹಾಗಾಗಿ ಬೇಯಿಸಿ ಗಟ್ಟಿ ಮಾಡಿದ ರಸವನ್ನು ಥರ್ಮಾಸಿನಲ್ಲಿ ಒಯ್ದಿದ್ದೆವು. ಸ್ಟುಡಿಯೋದ ಮಲಯಾಳಿ ಹುಡುಗ ಇಕಾಮಾದ, ಅಂದರೆ ವಾಸದ ಪರವಾನಗಿಯ, ಫೋಟೋವೆಂದು ತಿಳಿದು ಮಾವನಿಗೆ ಕೋಟು ಹಾಕಿಸಿ, ಟೈ ಕಟ್ಟಿ, ಗಲ್ಲ ಎತ್ತಿ ಕೂರಿಸಿದ. ಮಾವ ಥರ್ಮಾಸು ತೆಗೆದು ಬಾಯಿ ಮುಕ್ಕಳಿಸಿ, ಒಂದು ನಿಮಿಷ ತಡೆದು, ನಾಲಿಗೆಯನ್ನು ಗಲ್ಲದವರೆಗೆ ಚಾಚಿದರು. ಹುಡುಗ ಕ್ಯಾಮೆರಾ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಪಕ್ಕದ ಬೀದಿಯಲ್ಲೇ ಡಾಕ್ಟರಿದ್ದಾರೆಂದು ಹಿಂದಿಯಲ್ಲಿ ನನ್ನ ಕಿವಿಯಲ್ಲಿ ಹೇಳಿದ! ಅಂತೂ ಫೋಟೋ ಬಂತು. ಕೋಟು, ಟೈ, ಮಫ್ಲರು, ಚಾಚಿದ ನೀಲಿ ನಾಲಿಗೆ. ಅಂಚೆಗೆ ಹಾಕಿದೆವು.

ಉತ್ತರ ಮೊನ್ನೆ ಬುಧವಾರ ಬಂತು. ಮಾವ ಲಕೋಟೆ ಒಡೆದು ಓದಿ ಕ್ಯಾಂಪಿಗೆಲ್ಲ ಕೇಳುವಂತೆ ನಕ್ಕರು. ಕಾಗದವನ್ನು ನನ್ನ ಕೈಗೆ ಕೊಟ್ಟು, ಕೆಲಸವಿದೆ ಎಂದು ಹೋದರು. ಕಾಗದದಲ್ಲಿ ಹೀಗಿತ್ತು: "ಅಪ್ಪ, ಇದು ಕುಂಟಲದ ಬಣ್ಣ ಅಲ್ಲ. ಕುಂಟಲ ತಿಂದರೆ ಹಲ್ಲಿನ ಸಂದಿಯಲ್ಲೂ ಕಪ್ಪಾಗ್ತದೆ. ನೀವು ಏನೋ ಬೇರೆ ತಿಂದಿದ್ದೀರಿ. ಪರವಾಗಿಲ್ಲ."

ಎರಡು ಡಿಗ್ರಿಯ ಕೋಣೆಯಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಯಾರೂ ನಿಲ್ಲಬಾರದೆಂಬುದು ಮಾವ ತಾವೇ ಮಾಡಿದ ನಿಯಮ. ಅವರು ಒಳಗೆ ಹೋದದ್ದು ಮೂರೂ ಐದಕ್ಕೆ. ಮೂರೂವರೆಯಾದರೂ ಬರಲಿಲ್ಲ. ಬಾಗಿಲು ತೆರೆದು ನೋಡಿದೆ. ಬ್ಲೂಬೆರಿಯ ಪೆಟ್ಟಿಗೆಗಳ ಪಕ್ಕದಲ್ಲಿ ಮುಖಕ್ಕೆ ಮಫ್ಲರು ಒತ್ತಿಕೊಂಡು ಕುಳಿತಿದ್ದರು. ಇದೇನು ಮಾವ, ಎಂದೆ.

"ಕಣ್ಣೀರು ಹೆಪ್ಪುಗಟ್ಟುತ್ತದಾ ನೋಡ್ತಿದ್ದೆ," ಎಂದರು. ಮಫ್ಲರಿನಿಂದ ಮುಖ ಒರೆಸಿಕೊಂಡು, "ಎರಡು ಡಿಗ್ರಿಯಲ್ಲಿ ಕಟ್ಟುದಿಲ್ಲ ಮಾರಾಯ. ಬರಕೋ."

ಬರೆದುಕೊಂಡೆ. ಬರೆಯುವಾಗಲೇ ಹಿಂದಿನ ಹಾಳೆಗಳು ಕಣ್ಣಿಗೆ ಬಿದ್ದವು. ಮೂರು ವರ್ಷ, ದಿನಕ್ಕೆರಡು ಸಲ, ಮೂರು ಕೋಣೆ. ನಿನ್ನೆ ಗುರುವಾರ ಆ ಮೂರೂ ದಿನಚರಿಗಳನ್ನು ಮ್ಯಾನೇಜರರ ಮೇಜಿನ ಮೇಲಿಟ್ಟೆ. ಅವರಿಗೆ ಕನ್ನಡ ಬಾರದು, ಇಂಗ್ಲಿಷಿನಲ್ಲಿ ಬರೆದಿದ್ದ ಅಂಕಿಗಳನ್ನು ಓದಿದರು. ಬಹಳ ಹೊತ್ತು ಓದಿದರು. ಯಾವ ಕೋಣೆ ಯಾವ ತಿಂಗಳಲ್ಲಿ ಯಾವ ಹೊತ್ತಿಗೆ ಬಿಸಿಯಾಗುತ್ತದೆ, ಆಗ ಏನು ಮಾಡಬೇಕು ಎಂದು ಕೇಳಿದರು. ನನಗೆ ಎಲ್ಲವೂ ಗೊತ್ತಿತ್ತು. ಯಾವಾಗ ಕಲಿತೆನೋ ಗೊತ್ತಿರಲಿಲ್ಲ! ಕೊನೆಗೆ, ಮುಂದಿನ ಮೇ ತಿಂಗಳಲ್ಲಿ ನನ್ನ ರಜೆಯನ್ನು ನಾನು ಬಿಟ್ಟುಕೊಟ್ಟು ಕೋಣೆಗಳನ್ನು ನೋಡಿಕೊಳ್ಳುವುದಾದರೆ ಮಾವನಿಗೆ ರಜೆ ಕೊಡುತ್ತೇನೆಂದರು. ಹದಿನೈದೇ ದಿನ. ಹೋಗುವ ತಾರೀಖನ್ನು ಈ ತಿಂಗಳೊಳಗೆ ಬರೆದುಕೊಡಬೇಕು, ಆಮೇಲೆ ಬದಲಿಸುವಂತಿಲ್ಲ. ನಾನು ಡಿಸೆಂಬರಿನಲ್ಲಿ ಹೋಗುತ್ತೇನೆ ಎಂದೆ. ಮನೆಯಲ್ಲಿ ಯಾರಾದರೊಬ್ಬರು ಡಿಸೆಂಬರಿನವರಾಗಬೇಕಲ್ಲ?

ಮಾವನಿಗೆ ಇನ್ನೂ ಹೇಳಿಲ್ಲ. ಅರ್ಜಿಯ ನಮೂನೆ ನನ್ನೆದುರಿಗಿದೆ. ಎಲ್ಲ ತುಂಬಿಸಿದ್ದೇನೆ, ತಾರೀಖಿನ ಜಾಗ ಮಾತ್ರ ಖಾಲಿ. ನನ್ನ ಬಳಿ ಇಲ್ಲದ ತಾರೀಖು ಅದೊಂದೇ. ಏಪ್ರಿಲ್ ಕೊನೆಗೆ ಹಣ್ಣು ಕೆಂಪಿರುತ್ತದೆ ಎಂದು ಭರಣಿಯ ಕಾಗದದಿಂದ ತಿಳಿಯಿತು. ಕಪ್ಪಾಗುವುದು ಯಾವಾಗ? ಮಾವನನ್ನು ಸುತ್ತುಬಳಸಿ ಕೇಳಿದರೆ ಒಂದು ದಿನ ಮೇ ಐದು ಎನ್ನುತ್ತಾರೆ, ಇನ್ನೊಂದು ದಿನ ಇಪ್ಪತ್ತು. ಹತ್ತು ವರ್ಷವಾಯಿತಲ್ಲ, ಮರೆತಿದ್ದಾರೆ. ಊರ ಮನೆಗೆ ಬರೆದು ಕೇಳಿದರೆ ಗುಟ್ಟು ಉಳಿಯುವುದಿಲ್ಲ. ನಾನು ವರ್ಷ ವರ್ಷವೂ ತಿಂದಿದ್ದೇನೆ. ನಾಲಿಗೆ ಕಪ್ಪಾದ ದಿನ ಯಾವುದೆಂದು ಒಮ್ಮೆಯೂ ಬರೆದಿಡಲಿಲ್ಲ.

ಆದ್ದರಿಂದ ಇದನ್ನು ಓದುವ ಕರಾವಳಿಯವರಲ್ಲಿ ಒಂದು ಬೇಡಿಕೆ. ನಿಮ್ಮ ಕಡೆಯ ಗುಡ್ಡದಲ್ಲಿ ಕುಂಟಲ ಹಣ್ಣು ಪೂರ್ತಿ ಕಪ್ಪಾಗುವುದು ಯಾವ ತಾರೀಖಿಗೆ, ಮೊದಲ ಮಳೆಗೆ ಉದುರಿಹೋಗುವುದು ಯಾವ ತಾರೀಖಿಗೆ, ಗೊತ್ತಿದ್ದವರು ಈ ಪತ್ರಿಕೆಯ ಮೂಲಕ ನನಗೆ ಒಂದು ಸಾಲು ಬರೆಯಿರಿ. ಬೇಗ ಬರೆಯಿರಿ. ಮಾವ ಓದಿಬಿಟ್ಟಾರೆಂದು ಹೆದರಬೇಡಿ. ಅವರು ಪತ್ರಿಕೆ ಓದುವುದು ಅದರಲ್ಲಿ ಕಟ್ಟಿದ ಪೊಟ್ಟಣ ಬಿಚ್ಚುವಾಗ ಮಾತ್ರ. ಆ ಹೊತ್ತಿಗೆ ಅವರು ಗುಡ್ಡದ ಮೇಲಿರಬೇಕು. ಪಕ್ಕದಲ್ಲಿ ಒಬ್ಬಳು ಹುಡುಗಿ, ಹಾವು ಹಾವು ಎಂದು ಕೂಗುತ್ತಿರಬೇಕು.